ಓದುಗರ ಪ್ರಶ್ನೆ: ಅಡಾಪ್ಟರ್ ಚುಚ್ಚಿದ್ರೆ ವೈಫೈ ಸರಿಹೋಗುತ್ತಾ?

ಪ್ರಶ್ನೆ: ಸಾರ್, ನಮ್ದು ಸಾಗರದ ಕಡೆ ಹಳೇ ಹಂಚಿನ ಮನೆ. ಫೈಬರ್ ಹಾಕಿಸಿದೀವಿ, 100 ಎಂಬಿಪಿಎಸ್ ಪ್ಲಾನು. ರೂಟರ್ ಇರೋದು ಜಗಲಿಲಿ, ನಾನು ಆಫೀಸ್ ಕೆಲಸ ಮಾಡೋದು ಮೆತ್ತಿ ಮೇಲೆ. ಅಲ್ಲೇ ಕೂತು ಫೋನಲ್ಲಿ ವಿಡಿಯೋ ನೋಡಿದ್ರೆ ಸಲೀಸಾಗಿ ಓಡುತ್ತೆ, 2015ರ ಲ್ಯಾಪ್‌ಟಾಪಲ್ಲಿ ಮೀಟಿಂಗ್ ಶುರು ಮಾಡಿದ್ರೆ ಐದು ನಿಮಿಷಕ್ಕೆ ಫ್ರೀಜ್. ಅಂಗಡಿಲಿ ಯುಎಸ್‌ಬಿ ವೈಫೈ ಅಡಾಪ್ಟರ್ (ಲ್ಯಾಪ್‌ಟಾಪಿಗೆ ಹೊರಗಿಂದ ಚುಚ್ಚೋ ವೈಫೈ ಕಡ್ಡಿ) ಹಾಕ್ಕೊಳ್ಳಿ ಅಂತಾರೆ, ಅಣ್ಣ ಎಕ್ಸ್‌ಟೆಂಡರ್ (ರೂಟರ್ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸೋ ಡಬ್ಬ) ತಗೋ ಅಂತಾನೆ. ಯಾವ್ದು ತಗೊಳ್ಲಿ?

ಉತ್ತರ: ಅಡಾಪ್ಟರ್. ಅದೇ ಜಾಗದಲ್ಲಿ ಫೋನ್ ಚೆನ್ನಾಗಿ ಓಡ್ತಿದೆ ಅಂದ್ಮೇಲೆ ಸಿಗ್ನಲ್ ಮೆತ್ತಿವರೆಗೂ ಬರ್ತಿದೆ, ಅದನ್ನ ಹಿಡ್ಕೊಳ್ಳೋಕೆ ಆಗದೇ ಇರೋದು ಲ್ಯಾಪ್‌ಟಾಪ್‌ಗೆ ಅಷ್ಟೇ (ಫೋನ್ ಆವಾಗ ವೈಫೈಲೇ ಇತ್ತು ತಾನೇ? ಮೊಬೈಲ್ ಡೇಟಾ ಆಫ್ ಮಾಡಿ ಇನ್ನೊಂದ್ಸಲ ನೋಡ್ಬಿಡಿ, ಎಷ್ಟೋ ಜನ ಇಲ್ಲೇ ಏಮಾರ್ತಾರೆ). ಫೋನೂ ಒದ್ದಾಡ್ತಿದ್ರೆ ನಿಮ್ಮಣ್ಣ ಹೇಳಿದ್ದೇ ಸರಿ ಅಂತಿದ್ದೆ.

ದುಡ್ಡು ಹಾಕೋ ಮುಂಚೆ ಒಂದು ಕೆಲಸ ಮಾಡಿ. ವಿಂಡೋಸ್ ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್, ಅದ್ರಲ್ಲಿ ವೈಫೈ, ಅದ್ರಲ್ಲಿ ಪ್ರಾಪರ್ಟೀಸ್ ಒತ್ತಿ ಕೆಳಗಡೆ ನೋಡಿ. ಬ್ಯಾಂಡ್ (ವೈಫೈ ಓಡೋ ತರಂಗ, ಸಾಮಾನ್ಯವಾಗಿ 2.4 ಇಲ್ಲಾ 5 ಗಿಗಾಹರ್ಟ್ಸ್) 2.4 ಗಿಗಾಹರ್ಟ್ಸ್, ಲಿಂಕ್ ಸ್ಪೀಡ್ (ರೂಟರ್ ಜೊತೆಗಿನ ಸಂಪರ್ಕದ ವೇಗ) 72 ಎಂಬಿಪಿಎಸ್ ಅಂತಿದ್ರೆ ಕಥೆ ಗೊತ್ತಾಯ್ತು, ಒಳಗಿರೋದು ಬಹುಶಃ ಒಂದೇ ಆಂಟೆನಾದಲ್ಲಿ ಕೆಲಸ ಮಾಡೋ, 'ಎನ್' ಅನ್ನೋ ಹಳೇ ತಲೆಮಾರಿನ ವೈಫೈ ಕಾರ್ಡು. ಆ 72ರಲ್ಲಿ ಕೈಗೆ ಸಿಗೋದು ಹೆಚ್ಚುಕಮ್ಮಿ ಅರ್ಧ, ಅದೂ ರೂಟರ್ ಪಕ್ಕ ಕೂತ್ರೆ, ಜಂಬಿಟ್ಟಿಗೆ ಗೋಡೆ ದಾಟಿ ಮೆತ್ತಿ ಹತ್ತೋ ಹೊತ್ತಿಗೆ ಇನ್ನೂ ಇಳಿದಿರುತ್ತೆ, ನೀವು 100ರ ಪ್ಲಾನ್ ತಗೊಂಡ್ರೂ ಅಷ್ಟೇ 300ರದ್ದು ತಗೊಂಡ್ರೂ ಅಷ್ಟೇ.

ಇನ್ನು ಯಾವ ಅಡಾಪ್ಟರು ಅಂತ. ಅಂಗಡಿಲಿ ಮೊದ್ಲು ತೋರ್ಸೋದು ಉಗುರಿನಷ್ಟು ಚಿಕ್ಕ ನ್ಯಾನೋ, ಅದು ಬೇಡವೇ ಬೇಡ. ಅಷ್ಟು ಚಿಕ್ಕದರೊಳಗೆ ಇರೋ ಆಂಟೆನಾ ನಿಮ್ಮ ಈಗಿನ ಕಾರ್ಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋ ನಂಬಿಕೆ ನನಗಿಲ್ಲ. ಹೊರಗೆ ಆಂಟೆನಾ ಇರೋ ಡ್ಯುಯಲ್ ಬ್ಯಾಂಡ್ (2.4, 5 ಎರಡರಲ್ಲೂ ಓಡೋ) ಅಡಾಪ್ಟರ್ ತಗೊಳ್ಳಿ. ಡಬ್ಬದ ಮೇಲಿನ ನಂಬರ್ ನೋಡಿ ಮಾತ್ರ ಮರುಳಾಗ್ಬೇಡಿ, 'ಎಸಿ600' ಅಂದ್ರೆ 5 ಗಿಗಾಹರ್ಟ್ಸಲ್ಲಿ 433 ಎಂಬಿಪಿಎಸ್, 2.4ರಲ್ಲಿ 150, ಎರಡನ್ನೂ ಕೂಡಿಸಿ ಮೇಲಕ್ಕೆ ತಳ್ಳಿ 600 ಅಂತ ಬರ್ದಿರ್ತಾರೆ, ಆದ್ರೆ ಅಡಾಪ್ಟರ್ ಒಂದ್ಸಲಕ್ಕೆ ಹಿಡ್ಯೋದು ಒಂದೇ ಬ್ಯಾಂಡ್. ನಿಮ್ಮ ಪ್ಲಾನಿಗೆ ಅದೂ ಧಾರಾಳ ಸಾಕು. ರೂಟರಲ್ಲಿ 5 ಇದ್ಯಾ, ಅದು ಮೆತ್ತಿವರೆಗೆ ತಲುಪುತ್ತಾ ಅನ್ನೋದನ್ನ ಫೋನಲ್ಲೇ ನೋಡ್ಬಹುದು, ಮೇಲೆ ಕೂತು ವೈಫೈ ಡೀಟೇಲ್ಸ್ ತೆಗೆದ್ರೆ ಸಾಮಾನ್ಯವಾಗಿ ಯಾವ ಬ್ಯಾಂಡ್ ಅಂತ ಇರುತ್ತೆ. ಗೋಡೆ ದಾಟೋದ್ರಲ್ಲಿ 5 ಸ್ವಲ್ಪ ಸೋಮಾರಿ. ಬರಲಿಲ್ಲ ಅಂದ್ರೂ ಪರವಾಗಿಲ್ಲ, ಬೆಂಗಳೂರಿನ ಅಪಾರ್ಟ್‌ಮೆಂಟ್ ತರ ನಿಮ್ಮಲ್ಲಿ ಅಕ್ಕಪಕ್ಕದ ಇಪ್ಪತ್ತು ರೂಟರ್ ಕಿತ್ತಾಡಲ್ಲ, 2.4ರಲ್ಲೇ ಒಳ್ಳೇ ಆಂಟೆನಾ ಇದ್ರೆ ಮೀಟಿಂಗ್ ನಡೆಯುತ್ತೆ.

ಚುಚ್ಚೋ ಜಾಗಾನೂ ಮುಖ್ಯ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟು, ಅದ್ರಲ್ಲೂ ಅಲ್ಲಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಓಡ್ತಿದ್ರೆ, 2.4 ಗಿಗಾಹರ್ಟ್ಸಲ್ಲೇ ಗದ್ದಲ ಎಬ್ಬಿಸುತ್ತೆ. ಇದು ಊಹೆ ಅಲ್ಲ, ಇಂಟೆಲ್‌ನೋರೇ 2012ರಲ್ಲಿ ಅಳೆದು ಬರ್ದಿದ್ದಾರೆ. ಅದಕ್ಕೆ ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಗೊಂಡು ಅಡಾಪ್ಟರನ್ನ ಲ್ಯಾಪ್‌ಟಾಪಿಂದ ದೂರ, ಮೆಟ್ಟಿಲ ಕಡೆ ಮುಖ ಮಾಡಿ ಇಡಿ, ಒಂದಡಿ ಆಚೀಚೆ ಸರಿಸಿ ನೋಡಿ, ಲಿಂಕ್ ಸ್ಪೀಡ್ ಬದಲಾಗೋದು ಕಣ್ಣಿಗೇ ಕಾಣುತ್ತೆ.

ಮೊದಲ ಸಲ ಹಾಕಿದಾಗ ಕೆಲವು ಅಡಾಪ್ಟರ್‌ಗಳು ಸಿಡಿ ಡ್ರೈವ್ ಅಂತ ಕಾಣಿಸ್ಕೊಳ್ತವೆ, ಕೆಟ್ಟೋಗಿದೆ ಅಂತ ವಾಪಸ್ ಕೊಡ್ಬೇಡಿ, ಡ್ರೈವರ್ (ಅದನ್ನ ಓಡಿಸೋ ಸಾಫ್ಟ್‌ವೇರ್) ಅದ್ರೊಳಗೇ ಇರುತ್ತೆ, ಸೆಟಪ್ ಓಡಿಸಿದ್ಮೇಲೆ ವೈಫೈ ಆಗಿ ಬದಲಾಗುತ್ತೆ. ಆಮೇಲೆ ಡಿವೈಸ್ ಮ್ಯಾನೇಜರಲ್ಲಿ ಹಳೇ ಕಾರ್ಡನ್ನ ಡಿಸೇಬಲ್ ಮಾಡಿ, ಇಲ್ಲಾಂದ್ರೆ ಎರಡೂ ಕನೆಕ್ಟ್ ಆಗಿ ಯಾವುದ್ರಲ್ಲಿ ಓಡ್ತಿದೆ ಅಂತ್ಲೇ ತಿಳಿಯಲ್ಲ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಸ್ಟೂಡೆಂಟ್, ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೀನಿ. ಯಾವ ಅಡಾಪ್ಟರ್ ಆದ್ರೂ ನಡೆಯುತ್ತಾ?

ಉತ್ತರ: ಇಲ್ಲ ಮಾರಾಯ. ಕಂಪನಿ ಹೆಸರು ನೋಡ್ಬೇಡ, ಒಳಗಿನ ಚಿಪ್ ಯಾವ್ದು ಅಂತ ಕೇಳು. ಮೀಡಿಯಾಟೆಕ್ ಎಂಟಿ7612ಯು ತರದ್ದಾದ್ರೆ ಡ್ರೈವರ್ ಕರ್ನಲಲ್ಲೇ (ಲಿನಕ್ಸ್‌ನ ತಿರುಳಲ್ಲೇ) ಇದೆ, ಚುಚ್ಚಿದ್ರೆ ಓಡುತ್ತೆ. ಒಂದೇ ಮಾಡೆಲ್ ಅಂದ್ಕೊಂಡು ತಗೊಂಡ್ರೂ ವರ್ಶನ್ ಬದಲಾದಾಗ ಚಿಪ್ಪೇ ಬದಲಾಗಿರುತ್ತೆ. ಟಿಪಿ-ಲಿಂಕ್‌ನ ಡಬ್ಲ್ಯುಎನ್722ಎನ್ ನೋಡು, ಮೊದಲ ವರ್ಶನಲ್ಲಿ ಅಥೆರೋಸ್ ಇತ್ತು, ಎರಡನೇದ್ರಲ್ಲಿ ರಿಯಲ್‌ಟೆಕ್ ಬಂತು. ಡಬ್ಬದ ಹಿಂದಿನ ವರ್ಶನ್ ನಂಬರ್ ಓದಿ ತಗೋ.

ಪ್ರಶ್ನೆ: ಡೆಸ್ಕ್‌ಟಾಪ್ ಇದೆ, ಅಡಾಪ್ಟರ್ ಸಿಪಿಯು ಹಿಂದೆ ಹಾಕಿದೀನಿ, ರೂಟರ್ ಅದೇ ರೂಮಲ್ಲಿದೆ, ಆದ್ರೂ ಸ್ಪೀಡ್ ಇಲ್ಲ.

ಉತ್ತರ: ಕಬ್ಬಿಣದ ಡಬ್ಬದ ಹಿಂದೆ, ಟೇಬಲ್ ಕೆಳಗೆ, ಗೋಡೆಗೆ ಒತ್ತಿ ಇಟ್ರೆ ಇನ್ನೇನಾಗುತ್ತೆ. ಮುಂದಿನ ಪೋರ್ಟಿಗೆ ಹಾಕಿ ನೋಡಿ. ಅಲ್ಲ, ಒಂದೇ ರೂಮಲ್ಲಿದ್ರೆ ಅಡಾಪ್ಟರ್ರೇ ಯಾಕೆ ಬೇಕು, ಒಂದು ಲ್ಯಾನ್ ಕೇಬಲ್ ಎಳೀರಿ ಸಾಕು.