ಹಾಂಗ್-ಔ-ಮ್ಯಾಂಡೆಲ್ ಕುಳಿ 60%ಕ್ಕೇ ನಿಂತಿದ್ದರೆ

ಒಂದೇ ಥರದ ಎರಡು ಫೋಟಾನ್‌ಗಳು (ಬೆಳಕಿನ ಕಣಗಳು) ಸ್ಪ್ಲಿಟರ್‌ಗೆ ಒಟ್ಟಿಗೆ ಬಂದರೆ ಎರಡೂ ಒಂದೇ ಕಡೆ ಹೊರಬೀಳುತ್ತವೆ; ಆಗ ಎರಡೂ ಡಿಟೆಕ್ಟರ್‌ಗಳ ಜೋಡಿ ಎಣಿಕೆ ಕುಸಿಯುವುದೇ ಈ ಕುಳಿ. 405 ನ್ಯಾನೊಮೀಟರ್ ಲೇಸರ್, ಫೋಟಾನ್ ಜೋಡಿ ಹುಟ್ಟಿಸುವ ಬಿಬಿಒ ಹರಳು, ಬೆಳಕನ್ನು ಎರಡಾಗಿ ಹಂಚುವ ಫೈಬರ್ ಸ್ಪ್ಲಿಟರ್ ಇಟ್ಟೂ ಕುಳಿಯ ಆಳ 60% ದಾಟುತ್ತಿಲ್ಲ ಅಂದಿದ್ದೀರಿ. ಬಹುಶಃ ಧ್ರುವೀಕರಣದ (ಬೆಳಕಿನ ಅಲೆ ಕಂಪಿಸುವ ದಿಕ್ಕಿನ) ತೊಂದರೆ: ಎರಡು ಫೈಬರ್‌ಗಳ ಫೋಟಾನ್‌ಗಳು ಸ್ಪ್ಲಿಟರ್ ತಲುಪುವಾಗ ಒಂದೇ ಥರ ಇಲ್ಲ. ಸ್ಪ್ಲಿಟರ್ ಬದಲಿಸಲು ದುಡ್ಡು ಹಾಕಬೇಡಿ. ಅದು ಬೆಳಕನ್ನು ಸಮವಾಗಿ ಹಂಚದೆ 45:55 ಇದ್ದರೂ 98% ಆಳ ಸಿಗಬೇಕು.

ಮೊದಲು ಎರಡು ಫೋಟಾನ್‌ಗಳ ದಾರಿಗಳ ನಡುವಿನ ವಿಳಂಬವನ್ನು ಕುಳಿಯ ತಳಕ್ಕೆ ತಂದು ನಿಲ್ಲಿಸಿ. ಒಂದು ಫೈಬರ್‌ನ ಪ್ಯಾಡಲ್‌ಗಳನ್ನು (ಧ್ರುವೀಕರಣ ಬದಲಿಸಲು ಫೈಬರ್ ಸುತ್ತಿರುವ ತಿರುಗುವ ಹಲಗೆಗಳನ್ನು) ಒಂದೊಂದಾಗಿ, ನಿಧಾನಕ್ಕೆ ತಿರುಗಿಸುತ್ತಾ ಜೋಡಿ ಎಣಿಕೆ ತೀರಾ ಕಡಿಮೆಯಾದಲ್ಲಿ ಬಿಡಿ. ಕೂಡಲೇ ಫೈಬರ್‌ಗಳನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ. ಬೆಂಗಳೂರಿನ ಬೇಸಿಗೆಯಲ್ಲಿ ಎಸಿ ಆನ್-ಆಫ್ ಆದಷ್ಟಕ್ಕೇ ಹೊಂದಿಕೆ ತಪ್ಪುತ್ತೆ.

ಆಗಲೂ 90% ಬರದಿದ್ದರೆ ಅನುಮಾನ ಫಿಲ್ಟರ್ ಮೇಲೆ. ಎರಡೂ ಕಡೆ 810ರ ಸುತ್ತ 3 ನ್ಯಾನೊಮೀಟರ್ ಅಗಲದ ಒಂದೇ ಬಗೆಯದ್ದನ್ನು ಹಾಕಿ, ವಿಳಂಬವನ್ನು 5 ಮೈಕ್ರಾನ್ ಹೆಜ್ಜೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿ. ಸಂಬಂಧವಿಲ್ಲದ ಫೋಟಾನ್‌ಗಳು ಒಟ್ಟಿಗೆ ಬಂದು ಆಗುವ ಆಕಸ್ಮಿಕ ಜೋಡಿಗಳನ್ನೂ ಎಣಿಕೆಯಿಂದ ಕಳೆಯಿರಿ: ಪ್ರತಿ ಡಿಟೆಕ್ಟರ್‌ಗೆ ಸೆಕೆಂಡಿಗೆ 1 ಲಕ್ಷ ಎಣಿಕೆ, ಜೋಡಿ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲದ ಕಿಟಕಿ 10 ನ್ಯಾನೊಸೆಕೆಂಡ್ ಇದ್ದರೆ ಇವು ಸೆಕೆಂಡಿಗೆ ಸುಮಾರು 100.