ಎಲ್ಲವನ್ನೂ ಕಂಪ್ಯೂಟರೇ ಲೆಕ್ಕ ಹಾಕುವಾಗ ರಿಯಾಕ್ಟರ್ ಭೌತಶಾಸ್ತ್ರದಲ್ಲಿ ಪ್ರಯೋಗಕ್ಕೆ ಏನು ಕೆಲಸ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಎಂ.ಎಸ್ಸಿ. ಮುಗಿಯುತ್ತಿದೆ, ಪಿಎಚ್.ಡಿ.ಗೆ ರಿಯಾಕ್ಟರ್ ಭೌತಶಾಸ್ತ್ರ ತೆಗೆದುಕೊಳ್ಳುವ ಮನಸ್ಸಿದೆ. ಆದರೆ ಈಗ ಎಲ್ಲ ಲೆಕ್ಕವೂ ಕಂಪ್ಯೂಟರಿನಲ್ಲೇ ಆಗುತ್ತದೆ, ಪ್ರಯೋಗದ ಕಡೆ ಹೋದರೆ ಮಾಡಲು ಏನು ಉಳಿದಿದೆ ಎಂಬ ಅನುಮಾನ. ನಾನು ಕೋಡ್ ಓಡಿಸುವ ಕಡೆಯವನು. ಹಾಗಾಗಿ ಪ್ರಯೋಗದ ಪರ ಮಾತಾಡಿದರೆ ಸ್ವಂತ ಅಂಗಡಿಯ ಜಾಹೀರಾತು ಅಂತ ಯಾರೂ ಅನ್ನಲಾರರು. ಉಳಿದಿದೆ, ಬೇಕಾದಷ್ಟು ಉಳಿದಿದೆ.

ಅನುಮಾನ ಯಾಕೆ ಬರುತ್ತದೆ ಅಂತ ಗೊತ್ತು. ರಿಯಾಕ್ಟರಿನೊಳಗೆ ನ್ಯೂಟ್ರಾನ್‌ಗಳ ಓಡಾಟವನ್ನು ಹೇಳುವ ಸಮೀಕರಣ ಹೊಸದೇನಲ್ಲ. ಅನಿಲಗಳಿಗಾಗಿ ಬೋಲ್ಟ್ಸ್‌ಮನ್ 1872ರಲ್ಲಿ ಬರೆದ ಸಮೀಕರಣದ ವಂಶದ್ದೇ. ಜಾಗಕ್ಕೆ ಮೂರು, ದಿಕ್ಕಿಗೆ ಎರಡು, ಶಕ್ತಿಗೆ ಒಂದು, ಕಾಲಕ್ಕೆ ಒಂದು, ಹೀಗೆ ಒಟ್ಟು ಏಳು ಚರಗಳು. ಹಿಂದೆ ಇದನ್ನು ಬಿಡಿಸಲು, ದಿಕ್ಕಿನ ವಿವರಗಳನ್ನು ಸರಳಗೊಳಿಸುವ ಡಿಫ್ಯೂಷನ್ ಅಂದಾಜಿನ ಮೊರೆ ಹೋಗುತ್ತಿದ್ದರು. ಈಗ ಎಂಸಿಎನ್‌ಪಿ, ಸರ್ಪೆಂಟ್, ಓಪನ್‌ಎಂಸಿ ತರಹದ ಮಾಂಟೆ ಕಾರ್ಲೋ ಕೋಡ್‌ಗಳು (ದಾಳ ಎಸೆದಂತೆ ಯಾದೃಚ್ಛಿಕ ಸಂಖ್ಯೆಗಳಿಂದ ಲೆಕ್ಕ ಹಾಕುವ ಪ್ರೋಗ್ರಾಂಗಳು) ಒಂದೊಂದೇ ನ್ಯೂಟ್ರಾನನ್ನು ಹುಟ್ಟಿನಿಂದ ಸಾವಿನವರೆಗೆ ಹಿಂಬಾಲಿಸುತ್ತವೆ. ಕಂಪ್ಯೂಟರಿಗೆ ಸಾಕಷ್ಟು ಸಮಯ ಕೊಟ್ಟರೆ ಉತ್ತರದ ಗಣಿತದ ದೋಷವನ್ನು ಬೇಕಾದಷ್ಟು ಕಡಿಮೆ ಮಾಡಬಹುದು.

ತೊಂದರೆ ಇರುವುದು ಸಮೀಕರಣದೊಳಗೆ ತುಂಬುವ ಅಂಕಿಗಳಲ್ಲಿ. ಇಂಥ ಶಕ್ತಿಯ ನ್ಯೂಟ್ರಾನ್ ಇಂಥ ಪರಮಾಣು ಬೀಜಕ್ಕೆ ಬಡಿದರೆ ವಿದಳನ ಆಗುವ, ಅಂದರೆ ಬೀಜ ಒಡೆಯುವ ಸಾಧ್ಯತೆ ಎಷ್ಟು, ಅಲ್ಲೇ ಸಿಕ್ಕಿಬೀಳುವ ಸಾಧ್ಯತೆ ಎಷ್ಟು? ಇದನ್ನು ಹೇಳುವುದು ಕ್ರಾಸ್ ಸೆಕ್ಷನ್. ಭಾರವಾದ ಬೀಜಗಳಿಗೆ ಇದನ್ನು ಕಾಗದದ ಮೇಲೆ ಕೂತು ಕಂಡುಹಿಡಿಯಲು ಆಗುವುದಿಲ್ಲ. ಯುರೇನಿಯಂ-238ಕ್ಕೆ 6.67 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ನ್ಯೂಟ್ರಾನ್ ನುಂಗುವ ದೊಡ್ಡ ಶಿಖರ ಒಂದಿದೆ. ಅದು ಅಲ್ಲೇ ಯಾಕೆ ಇರಬೇಕು ಅಂತ ಯಾವ ಸಿದ್ಧಾಂತವೂ ಮೊದಲೇ ಹೇಳಲಾರದು. ಅಳೆದೇ ತಿಳಿಯಬೇಕು.

ಗೊತ್ತಿಲ್ಲದ ಒಂದೇ ಒಂದು ಅಂಕಿ ಏನು ಮಾಡಬಲ್ಲದು ಅಂತ 1944ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಕಂಡಿತು. ಅಲ್ಲಿಯ ಬಿ ರಿಯಾಕ್ಟರ್ ಚೆನ್ನಾಗಿ ಶುರುವಾಯಿತು. ಕೆಲವು ಗಂಟೆ ಕಳೆದ ಮೇಲೆ ತಾನಾಗಿ ಶಕ್ತಿ ಇಳಿಯುತ್ತಾ ಹೋಗಿ ನಿಂತಿತು. ಆಮೇಲೆ ತಾನಾಗಿಯೇ ಮತ್ತೆ ಜೀವ ಬಂತು! ಕಾರಣ ವಿದಳನದಿಂದ ಹುಟ್ಟುವ ಕ್ಸೆನಾನ್-135. ಅದು ಸೇರುತ್ತಾ ಹೋಗಿ ನ್ಯೂಟ್ರಾನ್‌ಗಳನ್ನು ನುಂಗಿತು, ಕ್ಷಯಿಸಿ ಕಡಿಮೆಯಾದ ಮೇಲೆ ರಿಯಾಕ್ಟರ್ ಮತ್ತೆ ಓಡಿತು. ನಿಧಾನ ನ್ಯೂಟ್ರಾನ್‌ಗಳಿಗೆ ಅದರ ಕ್ರಾಸ್ ಸೆಕ್ಷನ್ ಸುಮಾರು 26 ಲಕ್ಷ ಬಾರ್ನ್ (ಬಾರ್ನ್ ಅಂದರೆ ಕ್ರಾಸ್ ಸೆಕ್ಷನ್ ಅಳೆಯುವ ಏಕಮಾನ). ಯುರೇನಿಯಂ-235ರ ವಿದಳನದ್ದು 585 ಬಾರ್ನ್ ಆಸುಪಾಸು ಅಷ್ಟೇ. ಎಂಜಿನಿಯರುಗಳು ಲೆಕ್ಕಕ್ಕಿಂತ ಹೆಚ್ಚು ಇಂಧನ ಕೊಳವೆಗಳಿಗೆ ಜಾಗ ಬಿಟ್ಟಿದ್ದರು, ಹಾಗಾಗಿ ಇನ್ನಷ್ಟು ಇಂಧನ ತುಂಬಿ ಬಚಾವಾದರು.

ಇವತ್ತು ಅಂಥ ದೊಡ್ಡ ಅಚ್ಚರಿಗಳು ಇಲ್ಲ, ಸಣ್ಣ ಅನಿಶ್ಚಿತತೆಗಳಿವೆ. ಸಾಮಾನ್ಯ ನೀರಿನ ರಿಯಾಕ್ಟರಿಗೆ ಗುಣಕ ಕೆ (ಒಂದು ತಲೆಮಾರಿನ ನ್ಯೂಟ್ರಾನ್‌ಗಳಿಗಿಂತ ಮುಂದಿನ ತಲೆಮಾರಿನವು ಎಷ್ಟು ಪಟ್ಟು ಅನ್ನುವ ಅಂಕಿ; ಅದು 1 ಇದ್ದರೆ ಶಕ್ತಿ ಸ್ಥಿರ) ಲೆಕ್ಕ ಹಾಕಿದರೆ, ಬರೀ ಕ್ರಾಸ್ ಸೆಕ್ಷನ್ ಅಂಕಿಗಳ ಅನಿಶ್ಚಿತತೆಯಿಂದಲೇ ಉತ್ತರ ಸುಮಾರು ಶೇಕಡಾ 0.5ರಷ್ಟು ಅತ್ತಿತ್ತ ಆಗಬಹುದು. ಅಷ್ಟೇನಾ ಅನ್ನಿಸುತ್ತದೆ, ಅಲ್ವಾ? ಇದನ್ನು ತಡವಾಗಿ ಹುಟ್ಟುವ ನ್ಯೂಟ್ರಾನ್‌ಗಳ ಜೊತೆ ಹೋಲಿಸಿ ನೋಡಿ. ಯುರೇನಿಯಂ-235ರ ವಿದಳನದಲ್ಲಿ ಶೇಕಡಾ 0.65ರಷ್ಟು ನ್ಯೂಟ್ರಾನ್‌ಗಳು ತಕ್ಷಣ ಬರುವುದಿಲ್ಲ. ವಿದಳನದ ಚೂರುಗಳು ಕ್ಷಯಿಸಿದ ಮೇಲೆ, ಸೆಕೆಂಡಿನಿಂದ ನಿಮಿಷದ ಲೆಕ್ಕದಲ್ಲಿ ತಡವಾಗಿ ಬರುತ್ತವೆ. ರಿಯಾಕ್ಟರನ್ನು ಮನುಷ್ಯರು ಹಿಡಿತದಲ್ಲಿ ಇಟ್ಟುಕೊಳ್ಳಲು ಆಗುವುದೇ ಇವುಗಳಿಂದ. ಕೆ 1ಕ್ಕಿಂತ ಶೇಕಡಾ 0.1 ಜಾಸ್ತಿಯಾದರೆ ಶಕ್ತಿ 2.7 ಪಟ್ಟಾಗಲು ಸುಮಾರು ಒಂದು ನಿಮಿಷ ಬೇಕು. ತಡದ ನ್ಯೂಟ್ರಾನ್‌ಗಳೇ ಇಲ್ಲದೆ, ಒಂದು ತಲೆಮಾರಿಗೆ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗ ಹಿಡಿಯುತ್ತದೆ ಅಂತಿಟ್ಟುಕೊಂಡರೆ, ಅದೇ ಶೇಕಡಾ 0.1ಕ್ಕೆ ಶಕ್ತಿ ಒಂದೇ ಸೆಕೆಂಡಿನಲ್ಲಿ 22,000 ಪಟ್ಟು! ಪ್ಲುಟೋನಿಯಂ-239ಕ್ಕೆ ಈ ತಡದ ಪಾಲು ಶೇಕಡಾ 0.21 ಮಾತ್ರ. ಕೆ ಈ ಪಾಲಿಗಿಂತ ಹೆಚ್ಚು 1ನ್ನು ಮೀರಿದರೆ ತಡದ ನ್ಯೂಟ್ರಾನ್‌ಗಳ ಹಿಡಿತ ತಪ್ಪುತ್ತದೆ. ಅಂದರೆ ನಮ್ಮ ಲೆಕ್ಕದ ಅನಿಶ್ಚಿತತೆ ಮತ್ತು ಹಿಡಿತಕ್ಕೆ ಇರುವ ಜಾಗ, ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯವು. ಆದ್ದರಿಂದಲೇ ಹೊಸ ಇಂಧನವನ್ನು ಕೋಡ್ ಮಾತು ನಂಬಿ ಸುಮ್ನೆ ತುಂಬುವುದಿಲ್ಲ. ಒಂದೊಂದೇ ಹೆಜ್ಜೆಯಾಗಿ ಇಂಧನ ಸೇರಿಸಿ, ನ್ಯೂಟ್ರಾನ್ ಎಣಿಸಿ, ಮುಂದಕ್ಕೆ ಹೋಗುತ್ತಾರೆ. 1942ರ ಡಿಸೆಂಬರ್ 2ರಂದು ಷಿಕಾಗೋದಲ್ಲಿ ಪ್ರಪಂಚದ ಮೊದಲ ರಿಯಾಕ್ಟರ್ ಶುರುಮಾಡುವಾಗ ಫರ್ಮಿ ಮಾಡಿದ್ದೂ ಅದನ್ನೇ.

ಹಾಗಾದರೆ ಅಳತೆಯೇ ಸತ್ಯ, ಲೆಕ್ಕ ಸುಳ್ಳು ಅನ್ನಬೇಡಿ. ಇಲ್ಲಿ ಅಳತೆ ಕೂಡ ಸಿದ್ಧಾಂತದ ಮೇಲೆ ಕೂತಿದೆ. ರಿಯಾಕ್ಟಿವಿಟಿ (ಕೆ 1ರಿಂದ ಎಷ್ಟು ದೂರ ಅನ್ನುವ ಅಳತೆ) ತೋರಿಸುವ ಮೀಟರ್‌ನ ಒಳಗೂ ಒಂದು ಸಮೀಕರಣ ಓಡುತ್ತಿರುತ್ತದೆ. ಡಿಟೆಕ್ಟರಿಗೆ ಗೊತ್ತಿರುವುದು ಎಣಿಕೆ ಮಾತ್ರ. ಶಕ್ತಿ ಏರುವ ವೇಗ ನೋಡಿ, ತಡದ ನ್ಯೂಟ್ರಾನ್‌ಗಳನ್ನು ಎಷ್ಟು ತಡ ಅನ್ನುವುದರ ಮೇಲೆ ವಿಂಗಡಿಸಿದ ಆರು ಗುಂಪುಗಳ ಅಂಕಿ ಹಾಕಿ, ರಿಯಾಕ್ಟಿವಿಟಿಯನ್ನು ಲೆಕ್ಕ ಹಾಕಿ ತೆಗೆಯುತ್ತೇವೆ. ಆ ಗುಂಪುಗಳ ಅಂಕಿ ತಪ್ಪಾದರೆ ನಿಮ್ಮ "ಅಳತೆ"ಯೂ ತಪ್ಪು.

ನನಗೆ ತುಂಬಾ ಇಷ್ಟವಾದ ಪ್ರಯೋಗ ಫೈನ್‌ಮನ್-ಆಲ್ಫಾ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯ ಲಾಸ್ ಅಲಾಮೋಸ್‌ನಲ್ಲಿ ಫೈನ್‌ಮನ್, ಡಿ ಹಾಫ್‌ಮನ್, ಸರ್ಬರ್ ಮಾಡಿದ ಕೆಲಸದಿಂದ ಬಂದ ವಿಧಾನ. ರಿಯಾಕ್ಟರಿನಲ್ಲಿ ಏನನ್ನೂ ಅಲುಗಾಡಿಸಬೇಕಿಲ್ಲ. ಅತಿ ಕಡಿಮೆ ಶಕ್ತಿಯಲ್ಲಿ ಸ್ಥಿರವಾಗಿ ಇಟ್ಟು ಸುಮ್ನೆ ಎಣಿಸಬೇಕು, ಅಷ್ಟೇ. ಬಾಗಿಲಲ್ಲಿ ನಿಂತು ಮದುವೆಗೆ ಬರುವವರನ್ನು ಎಣಿಸಿದಂತೆ ಅಂದುಕೊಳ್ಳಿ. ಎಲ್ಲರೂ ಒಬ್ಬೊಬ್ಬರೇ ಬಂದರೆ ಎಣಿಕೆಯ ಏರಿಳಿತ ಇಷ್ಟೇ ಇರಬೇಕು ಅಂತ ಪಾಯ್ಸಾನ್ ನಿಯಮ ಹೇಳುತ್ತದೆ: ವೇರಿಯನ್ಸ್ (ಏರಿಳಿತದ ಅಳತೆ) ಮತ್ತು ಸರಾಸರಿ ಎರಡೂ ಒಂದೇ. ಮನೆಮಂದಿಯೆಲ್ಲ ಒಟ್ಟಿಗೆ ಬರುತ್ತಿದ್ದರೆ ಏರಿಳಿತ ಜಾಸ್ತಿ. ಒಂದೇ ವಿದಳನ ಸರಪಳಿಯ ನ್ಯೂಟ್ರಾನ್‌ಗಳು ಹಾಗೆ ಗುಂಪಾಗಿ ಬರುತ್ತವೆ. ಎಣಿಸುವ ಅವಧಿಯನ್ನು ಉದ್ದ ಮಾಡುತ್ತಾ ಹೋದರೆ ಈ ಹೆಚ್ಚುವರಿ ಏರಿಳಿತ ಬೆಳೆದು, ಒಂದು ಹಂತದಲ್ಲಿ ಮಟ್ಟಸವಾಗುತ್ತದೆ. ಆ ಬಾಗುವಿಕೆಯಿಂದ ಒಂದು ಸರಪಳಿ ಎಷ್ಟು ಬೇಗ ಸಾಯುತ್ತದೆ ಅಂತ ತಿಳಿಯುತ್ತದೆ. ಬೇರೆಯವರು ಕಸ ಅಂತ ಸೋಸಿ ಬಿಸಾಕುವ ಗದ್ದಲದಿಂದ ಇಷ್ಟು ಮಾಹಿತಿ ತೆಗೆಯುವುದು ನನಗೆ ಈಗಲೂ ಸೋಜಿಗ.

ಆದರೆ ಇಲ್ಲೂ ಗಂಟು ಇದೆ. ಸಿಗುವುದು ತಡದ ಪಾಲು ಮತ್ತು ತಲೆಮಾರಿನ ಕಾಲ, ಇವೆರಡರ ಅನುಪಾತ ಮಾತ್ರ. ಬಿಡಿಸಬೇಕೆಂದರೆ ಲೆಕ್ಕದಿಂದಲೋ ಬೇರೆ ಅಳತೆಯಿಂದಲೋ ಒಂದನ್ನು ತರಬೇಕು. ಒಂದು ನ್ಯೂಟ್ರಾನ್ ಎಣಿಸಿದ ಮೇಲೆ ಡಿಟೆಕ್ಟರ್ ಕ್ಷಣಕಾಲ ಕುರುಡಾಗಿರುತ್ತದೆ, ಅದನ್ನು ಸರಿಪಡಿಸದಿದ್ದರೆ ಸಣ್ಣ ಅವಧಿಗಳ ಫಲಿತಾಂಶ ಕೆಡುತ್ತದೆ. ಸುತ್ತ ನ್ಯೂಟ್ರಾನ್‌ಗಳನ್ನು ಒಳಕ್ಕೆ ಹಿಂತಿರುಗಿಸುವ ದಪ್ಪ ಪ್ರತಿಫಲಕ ಇದ್ದು ಡಿಟೆಕ್ಟರ್ ಅಲ್ಲಿದ್ದರೆ, ಒಂದೇ ಘಾತೀಯ ವಕ್ರರೇಖೆ ಸಾಕಾಗುವುದಿಲ್ಲ, ಎರಡು ಬೇಕಾಗುತ್ತದೆ. ಯಾಕೆ ಎರಡು ಅಂತ ಹೇಳಲು ಮತ್ತೆ ಸಿದ್ಧಾಂತದವರೇ ಬರಬೇಕು.

ಕೋಡ್ ಕಡೆಯ ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಲಾಸ್ ಅಲಾಮೋಸ್‌ನ ಗೊಡೈವಾ, ಜೆಝೆಬೆಲ್ ಅಂತ ಹೆಸರುವಾಸಿಯಾದ ಎರಡು ಬರಿಯ ಲೋಹದ ಗೋಳಗಳಿದ್ದವು, ಒಂದು ಯುರೇನಿಯಂದು, ಇನ್ನೊಂದು ಪ್ಲುಟೋನಿಯಂದು. ಇವತ್ತಿಗೂ ಕ್ರಾಸ್ ಸೆಕ್ಷನ್ ಅಂಕಿಗಳ ಎಲ್ಲ ಡೇಟಾ ಸಂಗ್ರಹಗಳನ್ನೂ ಅವುಗಳ ಮೇಲೆ ಪರೀಕ್ಷಿಸುತ್ತಾರೆ. ಅಮೆರಿಕದ ಇಎನ್‌ಡಿಎಫ್, ಯುರೋಪಿನ ಜೆಫ್ ಎರಡೂ ಜೆಝೆಬೆಲ್‌ಗೆ ಹೆಚ್ಚುಕಡಿಮೆ ಸರಿಯಾದ ಕೆ ಕೊಡುತ್ತವೆ. ಒಳಗೆ ಬಗ್ಗಿ ನೋಡಿದರೆ ಬಿಡಿ ಅಂಕಿಗಳು ಒಂದೇ ಆಗಿಲ್ಲ. ಒಂದೇ ಸಂಗ್ರಹದೊಳಗೆ ಒಂದು ಅಂಕಿಯ ತಪ್ಪನ್ನು ಇನ್ನೊಂದು ಅಂಕಿಯ ತಪ್ಪು ಮುಚ್ಚುತ್ತಿದೆ. ಬೇರೆ ತರಹದ ರಿಯಾಕ್ಟರಿಗೆ ಹೋದಾಗ ಈ ಮುಚ್ಚಿಕೆ ಕಳಚಿಕೊಳ್ಳಬಹುದು. ಇಂಥದ್ದನ್ನು ಹಿಡಿಯಲು ಹೊಸ ಜಾಣ ಪ್ರಯೋಗಗಳೇ ಬೇಕು.

ಆಯ್ಕೆಯ ಮಾತಿಗೆ ಬಂದರೆ, ಕೈಯಿಂದ ಮಾಡುವ ಕೆಲಸ ಇಷ್ಟವಾದರೆ ಪ್ರಯೋಗಕ್ಕೇ ಹೋಗಿ. ಆದರೆ ಸೇರುವ ಮೊದಲು ಒಂದು ವಿಷಯ ಕೇಳಿ: ನಿಮ್ಮ ಗೈಡ್ ನಂಬಿಕೊಂಡಿರುವ ಶೂನ್ಯ ಶಕ್ತಿಯ (ಪ್ರಯೋಗಕ್ಕೆಂದೇ ಅತಿ ಕಡಿಮೆ ಶಕ್ತಿಯಲ್ಲಿ ಓಡಿಸುವ) ರಿಯಾಕ್ಟರ್ ನಿಜವಾಗಿ ಓಡುತ್ತಿದೆಯೇ, ಪರವಾನಗಿ ಇನ್ನೆಷ್ಟು ವರ್ಷಕ್ಕಿದೆ? ಪ್ರಪಂಚದಲ್ಲಿ ಇಂಥ ಹಲವು ಸೌಲಭ್ಯಗಳು ಮುಚ್ಚಿಹೋಗಿವೆ. ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ ಹಳೆಯ ಪ್ರಯೋಗಗಳ ದಾಖಲೆಗಳನ್ನು ಇವತ್ತಿನ ಕೋಡ್‌ಗಳಿಂದ ಮತ್ತೆ ಲೆಕ್ಕ ಹಾಕಿ, ಅವುಗಳ ಅನಿಶ್ಚಿತತೆ ಅಂದಾಜಿಸುವ ವಿಷಯ ತೆಗೆದುಕೊಳ್ಳಿ. ಯಾರ ಪರವಾನಗಿಗೂ ಕಾಯಬೇಕಿಲ್ಲ, ಎರಡೂ ಕಡೆಯ ಭಾಷೆ ಕಲಿಯುತ್ತೀರಿ. ಓಪನ್‌ಎಂಸಿ ಉಚಿತವಾಗಿ ಸಿಗುತ್ತದೆ, ಗೊಡೈವಾ ಗೋಳವನ್ನು ಅದರಲ್ಲಿ ಇವತ್ತು ರಾತ್ರಿಯೇ ಓಡಿಸಿ ನೋಡಬಹುದು.