ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ .308 ರೈಫಲ್ ಕೊಂಡಿದ್ದೇನೆ, ಯಾವ ಸ್ಕೋಪ್ ಹಾಕಿಸಲಿ?

ಗ್ರೀನ್ ಕಾರ್ಡ್ ಬಂದ ಮೇಲೆ ಬೋಲ್ಟ್ ಆಕ್ಷನ್ ರೈಫಲ್ ತಗೊಂಡಿದ್ದೀರಿ. ಆಫೀಸಿನ ಗೆಳೆಯನ ಜೊತೆ ಈ ವರ್ಷ ಮೊದಲ ಸಲ ಕಾಡಿಗೆ ಹೋಗುತ್ತಿದ್ದೀರಿ. ಸ್ಕೋಪ್‌ಗೆ ಅಂತ 400 ಡಾಲರ್ ಇಟ್ಟಿದ್ದೀರಿ. ಅಂಗಡಿಯವರು 6-24×50 (6ರಿಂದ 24 ಪಟ್ಟು ಜೂಮ್, ಮುಂದಿನ ಗಾಜು 50 ಮಿಲಿಮೀಟರ್) ತೋರಿಸಿ, ಈ ದುಡ್ಡಿಗೆ ಇದಕ್ಕಿಂತ ಹತ್ತಿರ ತೋರಿಸುವುದು ಸಿಗುವುದಿಲ್ಲ ಎಂದಿದ್ದಾರೆ. ತಗೊಳ್ಳಲಾ ಎಂದು ಕೇಳಿದ್ದೀರಿ.

ಬೇಡ. 3-9×40 ತಗೊಳ್ಳಿ. ನಾನೂ ಮೊದಲ ವರ್ಷ 6-24 ಹಿಡಿದುಕೊಂಡು ಹೋದವನು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನಾನು ಕೊಡಗಿನವನು. ಮನೆಯಲ್ಲಿ ಅಜ್ಜನ ಜೋಡುನಳಿಗೆ ಕೋವಿ ಇತ್ತು. ಕೈಲ್ ಮುಹೂರ್ತದ ದಿನ, ಅಂದರೆ ನಮ್ಮ ಆಯುಧಪೂಜೆಯ ಹಬ್ಬದಲ್ಲಿ, ಅದಕ್ಕೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದೆವು. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮಣಿ, ಅಷ್ಟೇ. ಬೇಟೆಯಂತೂ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಂತ ವಿಷಯ. ಹಾಗಾಗಿ ಅಮೆರಿಕಕ್ಕೆ ಬಂದಾಗ ಕೋವಿ ನನಗೆ ಹೊಸದಾಗಿರಲಿಲ್ಲ, ಸ್ಕೋಪ್ ಹೊಸದು. ಜಾಸ್ತಿ ಜೂಮ್ ಇದ್ದರೆ ಜಾಸ್ತಿ ಒಳ್ಳೆಯದು ಎಂದುಕೊಂಡಿದ್ದೆ.

ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಶನಿವಾರ, ಸೀಸನ್‌ನ ಮೊದಲ ದಿನ. ಹೆಮ್ಲಾಕ್ ಮರದ ಬುಡದಲ್ಲಿ ಕೂತಿದ್ದೆ. ಎದುರು ಬೆಟ್ಟದ ಇಳಿಜಾರು ನೋಡಲು ಸ್ಕೋಪ್ ಅನ್ನು 12ಕ್ಕೆ ತಿರುಗಿಸಿ ಇಟ್ಟಿದ್ದೆ. ಜಿಂಕೆ ಬಂದದ್ದು ಬೆಟ್ಟದಿಂದಲ್ಲ, ಬಲಗಡೆಯ ಲಾರೆಲ್ ಪೊದೆಯಿಂದ. 30 ಗಜ ಇದ್ದಿರಬೇಕು. ಕೋವಿ ಎತ್ತಿ ನೋಡಿದರೆ ಗಾಜಿನ ತುಂಬ ಬರೀ ಕಂದು ಕೂದಲು. ಅದು ಭುಜವೋ ಹೊಟ್ಟೆಯೋ ಗೊತ್ತಾಗಲಿಲ್ಲ. ಕೈಗವಸು ಹಾಕಿದ ಕೈಯಲ್ಲಿ ಜೂಮ್ ರಿಂಗ್ ತಿರುಗಿಸಲು ಹೋದೆ. ಅಷ್ಟು ಅಲುಗಾಟ ಸಾಕಾಯಿತು. ಬಿಳಿ ಬಾಲ ಎತ್ತಿ ಹೋಗಿಯೇಬಿಟ್ಟಿತು.

ಇಲ್ಲಿನ ಕಾಡು ಹಾಗೆಯೇ. ನಾನು ಹೊಡೆದ ಜಿಂಕೆಗಳೆಲ್ಲ 100 ಗಜದ ಒಳಗಿದ್ದವು. 3ರಲ್ಲಿ ಇಟ್ಟ ಸ್ಕೋಪ್‌ನಲ್ಲಿ 100 ಗಜದಲ್ಲಿ ಸುಮಾರು 30 ಅಡಿ ಅಗಲದ ಜಾಗ ಕಾಣುತ್ತದೆ, 30 ಗಜದಲ್ಲಿ ಒಂಬತ್ತು-ಹತ್ತು ಅಡಿ. ಇಡೀ ಜಿಂಕೆ ಕಾಣುತ್ತದೆ, ಸುತ್ತಲ ಪೊದೆಯೂ ಕಾಣುತ್ತದೆ. 24ರಲ್ಲಿ ಅದೇ 30 ಗಜಕ್ಕೆ ಒಂದೂವರೆ ಅಡಿಯೂ ಸಿಗುವುದಿಲ್ಲ. ವಯೋಮಿಂಗ್‌ನಂಥ ಬಯಲಿನಲ್ಲಿ ಬೇಟೆಯಾಡುವವರ ಲೆಕ್ಕ ಬೇರೆ. ನೀವು ಹೋಗುತ್ತಿರುವುದು ಅಲ್ಲಿಗಲ್ಲ.

ಇನ್ನೊಂದು ಮುಖ್ಯ ವಿಷಯ ಬೆಳಕು. ಇಲ್ಲಿ ಜಿಂಕೆ ಬೇಟೆಗೆ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿ ಅರ್ಧ ಗಂಟೆಯವರೆಗೆ ಅವಕಾಶ. ಜಿಂಕೆ ಜಾಸ್ತಿ ಓಡಾಡುವುದೂ ಆ ಎರಡು ಹೊತ್ತಿನಲ್ಲೇ. ಸ್ಕೋಪ್‌ನ ಮುಂದಿನ ಗಾಜಿನ ಅಳತೆಯನ್ನು ಜೂಮ್‌ನಿಂದ ಭಾಗಿಸಿ. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಎಷ್ಟು ಮಿಲಿಮೀಟರ್ ಅಂತ ಸಿಗುತ್ತದೆ. 40 ಭಾಗಿಸು 9 ಅಂದರೆ 4.4. ಜೂಮ್ 6ಕ್ಕೆ ಇಳಿಸಿದರೆ 6.7. ಅಂಗಡಿಯವರು ತೋರಿಸಿದ್ದರಲ್ಲಿ 50 ಭಾಗಿಸು 24, ಬರೀ 2. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ 7 ಮಿಲಿಮೀಟರ್‌ವರೆಗೂ ಅರಳುತ್ತದೆ, ವಯಸ್ಸಾದಂತೆ ಕಡಿಮೆಯಾಗಿ 5ರ ಹತ್ತಿರ ಬರುತ್ತದೆ. 2 ಮಿಲಿಮೀಟರ್ ಬೆಳಕು ಬಂದರೆ ಸಂಜೆ ಐದರ ಕಾಡು ಮಸಿ ಬಳಿದ ಹಾಗಿರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಅಂಗಡಿಯಲ್ಲಿ ರೈಫಲ್‌ಗೆ ಕೂರಿಸದ ಸ್ಕೋಪ್ ಕೇಳಿ. ಬಾಗಿಲ ಕಡೆ ತಿರುಗಿಸಿ, ಕಣ್ಣಿನಿಂದ ಒಂದು ಮೊಳ ದೂರ ಹಿಡಿಯಿರಿ. ಹಿಂದಿನ ಗಾಜಿನ ನಡುವೆ ಒಂದು ಬಿಳಿ ಬೊಟ್ಟು ಕಾಣುತ್ತದೆ. ಜೂಮ್ ರಿಂಗ್ ತಿರುಗಿಸುತ್ತಾ ಹೋಗಿ, ಆ ಬೊಟ್ಟು ಹೆಸರುಕಾಳಿನಿಂದ ಸಾಸಿವೆಯಷ್ಟಕ್ಕೆ ಕುಗ್ಗುತ್ತದೆ. ನಿಮ್ಮ ಕಣ್ಣಿಗೆ ಸಿಗುವುದು ಅಷ್ಟೇ ಬೆಳಕು.

ಗಾಜಿನ ಲೇಪನವೂ ಮುಖ್ಯ. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4 ಶೇಕಡಾ ಬೆಳಕನ್ನು ವಾಪಸ್ ಕಳಿಸುತ್ತದೆ, ಒಳಗೆ ಅಂಥ ಮೈಗಳು ಎಷ್ಟೋ ಇರುತ್ತವೆ. ಪೆಟ್ಟಿಗೆಯ ಮೇಲೆ 'ಫುಲ್ಲಿ ಮಲ್ಟಿ ಕೋಟೆಡ್' ಎಂದು ಪೂರ್ತಿ ಬರೆದಿರಬೇಕು. ಬರೀ 'ಕೋಟೆಡ್' ಎಂದಿದ್ದರೆ ಬಿಟ್ಟುಬಿಡಿ. ಟ್ಯೂಬ್‌ಲೈಟ್ ಬೆಳಕಲ್ಲಿ ಎಲ್ಲ ಸ್ಕೋಪೂ ಚೆನ್ನಾಗಿಯೇ ಕಾಣುತ್ತವೆ. ಹೊತ್ತು ಮುಳುಗುವಾಗ ಹೋಗಿ, ಬಾಗಿಲ ಹತ್ತಿರ ನಿಂತು ಹೊರಗಿನ ಕತ್ತಲೆ ಮೂಲೆ ನೋಡಬಹುದಾ ಎಂದು ಕೇಳಿ. ಲ್ಯೂಪೋಲ್ಡ್ ವಿಎಕ್ಸ್-ಫ್ರೀಡಂ, ವೋರ್ಟೆಕ್ಸ್ ಡೈಮಂಡ್‌ಬ್ಯಾಕ್, ಬರಿಸ್ ಫುಲ್‌ಫೀಲ್ಡ್ ಇವುಗಳಲ್ಲಿ ಸಿಕ್ಕಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಕಣ್ಣಿಗೆ ಯಾವುದು ಹಿಡಿಸುತ್ತದೋ ಅದೇ ಸರಿ. ನನ್ನದು ಈಗ ಲ್ಯೂಪೋಲ್ಡ್.

ಫಸ್ಟ್ ಫೋಕಲ್ ಪ್ಲೇನ್ (ಜೂಮ್ ಜೊತೆ ಗೆರೆಯೂ ದೊಡ್ಡದಾಗುವುದು), ದೊಡ್ಡ ಟರೆಟ್ (ಗುರಿ ಸರಿಪಡಿಸುವ ತಿರುಗುಗುಂಡಿ), ಗೆರೆ ಮೇಲೆ ಗೆರೆ ಇರುವ ರೆಟಿಕಲ್ (ಗುರಿ ಹಿಡಿಯುವ ಗೆರೆ) ಎಲ್ಲ ದೂರದ ಗುರಿಗೆ. ನಿಮಗೆ ಬದಿಯಲ್ಲಿ ದಪ್ಪ, ನಡುವೆ ತೆಳ್ಳಗಿರುವ ಡ್ಯೂಪ್ಲೆಕ್ಸ್ ಗೆರೆ ಸಾಕು. ಮಬ್ಬಿನಲ್ಲೂ ದಪ್ಪ ಗೆರೆ ಕಣ್ಣನ್ನು ನಡುವಿಗೆ ಎಳೆದು ತರುತ್ತದೆ.

ಕಣ್ಣಿಗೂ ಸ್ಕೋಪ್‌ಗೂ ಇರುವ ಅಂತರ, ಅಂದರೆ ಐ ರಿಲೀಫ್, ಸುಮಾರು ಮೂರೂವರೆ ಇಂಚಾದರೂ ಇರಲಿ. ಹಗುರ ರೈಫಲ್‌ನಲ್ಲಿ .308 ಚೆನ್ನಾಗಿಯೇ ಒದೆಯುತ್ತದೆ. ನನ್ನ ಜೊತೆಯವರೊಬ್ಬರ ಹುಬ್ಬು ಸೀಳಿ ರಕ್ತ ಬಂದದ್ದನ್ನು ನೋಡಿದ್ದೇನೆ. ಸ್ಕೋಪ್ ಕೂರಿಸುವಾಗ ಬೇಟೆಗೆ ಹಾಕುವ ದಪ್ಪ ಜಾಕೆಟನ್ನೇ ಹಾಕಿಕೊಳ್ಳಿ. ಕಣ್ಣು ಮುಚ್ಚಿ ಖಾಲಿ ಕೋವಿ ಭುಜಕ್ಕೆ ತನ್ನಿ, ಕೆನ್ನೆ ಕೂರಿಸಿ, ಆಮೇಲೆ ಕಣ್ಣು ಬಿಡಿ. ಸುತ್ತ ಕಪ್ಪು ನೆರಳಿಲ್ಲದೆ ಚಿತ್ರ ಪೂರ್ತಿ ಕಾಣಬೇಕು. ಕತ್ತು ಚಾಚಬೇಕಾಗಿ ಬಂದರೆ ಸ್ಕೋಪ್ ಹಿಂದೆ ಮುಂದೆ ಸರಿಸಿ.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. 400ರಲ್ಲಿ ಸ್ಕೋಪ್‌ಗೆ 280ರ ತನಕ ಹಾಕಿ. ಉಳಿದದ್ದು ಸ್ಕೋಪನ್ನು ರೈಫಲ್‌ಗೆ ಕೂರಿಸುವ ಬೇಸ್, ರಿಂಗ್, ಬಿಗಿತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್ ಮತ್ತು ತೋಟಾಗಳಿಗೆ. ಎರಡನೇ ವರ್ಷ ನಾನು ಸ್ಕೋಪ್ ಒಳ್ಳೆಯದೇ ಹಾಕಿಸಿದ್ದೆ, ರಿಂಗ್ ಮಾತ್ರ ಕೈಗೆ ಸಿಕ್ಕ ಅಗ್ಗದ್ದು. ಹೆಣ್ಣು ಜಿಂಕೆಯ ಪರವಾನಗಿ ಇತ್ತು. 80 ಗಜದಲ್ಲಿ ಅಡ್ಡಕ್ಕೆ ನಿಂತಿತ್ತು. ಭುಜದ ಹಿಂದೆ ಗೆರೆ ಇಟ್ಟು ನಿಧಾನಕ್ಕೆ ಕುದುರೆ ಎಳೆದೆ. ಗುಂಡು ತಗುಲಿದ್ದು ಹೊಟ್ಟೆಗೆ. ಹಿಮದ ಮೇಲಿನ ರಕ್ತದ ಗುರುತು ಹಿಡಿದು ಕತ್ತಲಾಗುವವರೆಗೂ ನಡೆದೆವು, ಸಿಗಲಿಲ್ಲ. ಮರುದಿನ ಬೆಳಿಗ್ಗೆ ಹಳ್ಳದ ಪಕ್ಕ ಸತ್ತು ಬಿದ್ದಿತ್ತು. ರಾತ್ರಿಯೆಲ್ಲಾ ಅದು ನರಳಿದೆ. ಮನೆಗೆ ಬಂದು ನೋಡಿದರೆ ಮುಂದಿನ ರಿಂಗ್ ಬೆರಳಲ್ಲಿ ಮುಟ್ಟಿದರೆ ಅಲ್ಲಾಡುತ್ತಿತ್ತು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ. ನಿಮಗೆ ಹಾಗಾಗಬಾರದು. ಸ್ಕ್ರೂ ಎಷ್ಟು ಬಿಗಿಯಬೇಕು ಎಂದು ರಿಂಗ್ ತಯಾರಿಸಿದವರು ಬರೆದಿರುತ್ತಾರೆ. ಅಷ್ಟಕ್ಕೇ ಬಿಗಿಯಿರಿ, ಜಾಸ್ತಿಯಾದರೆ ಟ್ಯೂಬ್ ನಜ್ಜಾಗುತ್ತದೆ.

ಆಮೇಲೆ ಝೀರೋ ಮಾಡುವುದು, ಅಂದರೆ ಗೆರೆ ಇಟ್ಟ ಕಡೆಯೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸುವುದು. ಮೊದಲು 25 ಗಜದಲ್ಲಿ ಕಾಗದದ ಮೇಲೆ ಬೀಳಿಸಿ, ನಂತರ 100 ಗಜಕ್ಕೆ ಹೋಗಿ. ಮೂರು ಗುಂಡು ಹೊಡೆದು ಅವುಗಳ ನಡುಭಾಗ ನೋಡಿ, ಒಂದು ಗುಂಡು ನೋಡಿ ತಿರುಗಿಸಬೇಡಿ. ಕಾಲು ಎಂಓಎ (ಕೋನದ ಅಳತೆ) ಸ್ಕೋಪ್‌ನಲ್ಲಿ 100 ಗಜಕ್ಕೆ ನಾಲ್ಕು ಕ್ಲಿಕ್ ಅಂದರೆ ಒಂದು ಇಂಚು, 25 ಗಜಕ್ಕೆ ಹದಿನಾರು ಕ್ಲಿಕ್. 100ರಲ್ಲಿ ಮೂರು ಇಂಚು ಕೆಳಗೆ, ಎರಡು ಇಂಚು ಬಲಕ್ಕೆ ಬಿದ್ದರೆ ಮೇಲಕ್ಕೆ ಹನ್ನೆರಡು, ಎಡಕ್ಕೆ ಎಂಟು. ಕೊನೆಗೆ ಸುಮಾರು ಎರಡು ಇಂಚು ಮೇಲೆ ಬೀಳುವಂತೆ ಬಿಡಿ. 150 ಗ್ರೇನ್ (ಗುಂಡಿನ ತೂಕ) ತೋಟಾ ಆದರೆ 200 ಗಜದ ಹತ್ತಿರ ನಡುವಿಗೆ ಬರುತ್ತದೆ. ಜಿಂಕೆಯ ಎದೆಗೂಡಿನ ಗುರಿ ಸುಮಾರು ಎಂಟು ಇಂಚಿನ ತಟ್ಟೆಯಷ್ಟು. 200 ಗಜದವರೆಗೆ ಗೆರೆ ಎತ್ತುವ, ಇಳಿಸುವ ಗೋಜೇ ಇಲ್ಲ. ಬೇಟೆಗೆ ಒಯ್ಯುವ ತೋಟಾದಲ್ಲೇ ಝೀರೋ ಮಾಡಿ, ಬೇರೆಯದರಲ್ಲಿ ಮಾಡಿದರೆ ಸುಮ್ನೆ ದಂಡ.

ಸ್ಕೋಪ್‌ನಲ್ಲಿ ಜಿಂಕೆ ಹುಡುಕಬೇಡಿ. ನೋಡಿದ ಕಡೆಗೆಲ್ಲ ನಳಿಗೆಯೂ ತಿರುಗಿರುತ್ತದೆ ಅಲ್ವಾ, ಪೊದೆಯಾಚೆ ಇರುವುದು ಮನುಷ್ಯನಾಗಿರಬಹುದು. ಕುತ್ತಿಗೆಗೆ ಒಂದು 8×42 ಬೈನಾಕ್ಯುಲರ್ ಇರಲಿ, ಹಳೆಯದಾದರೂ ಪರವಾಗಿಲ್ಲ. ಕೊಂಬಿನ ಕವಲು ಎಣಿಸುವುದೂ ಅದರಲ್ಲೇ. ಕಿತ್ತಳೆ ಬಣ್ಣದ ಟೋಪಿ, ವೆಸ್ಟ್ ಮರೆಯಬೇಡಿ, ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಾಣಬೇಕೆಂಬುದು ಇಲ್ಲಿನ ನಿಯಮ.

ಎಚ್-1ಬಿ ವೀಸಾದಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಿಮಗೆ ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನಿನ ತಡೆ ಇದೆ. ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಮೊದಲು ತರಬೇತಿ ಮುಗಿಸಿ ಲೈಸೆನ್ಸ್ ಮಾಡಿಸಿ, ರೈಫಲ್ ಆಮೇಲೆ.

ನಿಮ್ಮ ರೈಫಲ್ ಯಾವ ಮಾದರಿ ಎಂದು ಬರೆಯಲಿಲ್ಲ. ಬರೆದರೆ ಅದಕ್ಕೆ ಯಾವ ಬೇಸ್ ಕೂರುತ್ತದೆ, ರಿಂಗ್ ಎಷ್ಟು ಎತ್ತರದ್ದು ಬೇಕು ಎಂದು ನೋಡಿ ಹೇಳುತ್ತೇನೆ.